‘ಒಂದು ಟನ್’ ಎಂಬ ಬರಹ ನೋಡಿ ಪೋರ್ಟಬಲ್ ಎಸಿ ಕೊಳ್ಳಬೇಡಿ

ಮಾನ್ಯ ಸಂಪಾದಕರೇ,

ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಎಂದು ಹೋದ ವಾರದಿಂದಲೇ ಎಸಿ ಕೆಲಸದವರಿಗೆ ಬಾಡಿಗೆ ಮನೆಯವರ ಫೋನ್ ಶುರುವಾಗುತ್ತದೆ. ‘ಗೋಡೆ ಕೊರೆಯೋಕೆ ಓನರ್ ಬಿಡಲ್ಲ, ಚಕ್ರ ಇರೋ ಎಸಿ ತಗೊಳ್ಳಬಹುದಾ?’ ಎಂಬುದೇ ಹೆಚ್ಚಿನವರ ಪ್ರಶ್ನೆ. ಬೆಂಗಳೂರಿನಲ್ಲಿ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ, 2024ರ ಏಪ್ರಿಲ್ 28ರಂದು 38.5 ಡಿಗ್ರಿ ಉಷ್ಣಾಂಶ ದಾಖಲಾದ ಮೇಲೆ ‘ಈ ಊರಿಗೆ ಫ್ಯಾನೇ ಸಾಕು’ ಎನ್ನುವವರು ಕಡಿಮೆಯಾಗಿದ್ದಾರೆ. ಮೇಲ್ಮಹಡಿಯ ಆರ್‌ಸಿಸಿ ಸೂರಿನ ಕೆಳಗೆ ಬಾಡಿಗೆಗಿರುವವರ ಕಷ್ಟ ನಿಜವಾದದ್ದು. ಹಾಗಾಗಿಯೇ ಸುಮಾರು 30ರಿಂದ 45 ಸಾವಿರ ರೂಪಾಯಿ ಸುರಿಯುವ ಮುಂಚೆ ಈ ಯಂತ್ರ ಏನು ಮಾಡುತ್ತದೆ, ಏನು ಮಾಡಲಾರದು ಎಂಬುದು ಅವರಿಗೆ ಬಿಡಿಸಿ ಗೊತ್ತಾಗಬೇಕು. ಅಂಗಡಿಯಲ್ಲಿ ಇದನ್ನು ಹೇಳುವವರು ಸಿಗುವುದಿಲ್ಲ.

ಮೊದಲು ಒಂದು ಗೊಂದಲ ತೀರಲಿ. ಅಂತರ್ಜಾಲದಲ್ಲಿ ಎರಡು ಮೂರು ಸಾವಿರಕ್ಕೆ ‘ಮಿನಿ ಪೋರ್ಟಬಲ್ ಎಸಿ’ ಎಂದು ಮಾರುವ, ನೀರು ತುಂಬಿಸಿ ಯುಎಸ್‌ಬಿಗೆ ಸಿಕ್ಕಿಸುವ ಡಬ್ಬಿಗಳು ಎಸಿಗಳೇ ಅಲ್ಲ. ಅವು ಅಂಗೈಯಗಲದ ಕೂಲರ್‌ಗಳು. ಕೋಣೆಯ ಬಿಸಿಯನ್ನು ಹೊರಗೆ ಸಾಗಿಸುವ ದಪ್ಪ ಪೈಪ್ ಇಲ್ಲದ ಯಾವ ಪೆಟ್ಟಿಗೆಯೂ ಎಸಿ ಆಗಲಾರದು. ನಿಜವಾದ ಪೋರ್ಟಬಲ್ ಎಸಿಯಲ್ಲಿ ಕಂಪ್ರೆಸರ್ ಇರುತ್ತದೆ, 25ರಿಂದ 35 ಕೆ.ಜಿ. ತೂಕ ಇರುತ್ತದೆ, ಹಿಂದಿನಿಂದ ಐದಾರು ಇಂಚು ಅಗಲದ, ಒಂದೂವರೆ ಮೀಟರ್ ಉದ್ದದ ಸುಕ್ಕುಸುಕ್ಕಾದ ಪೈಪ್ ಹೊರಟಿರುತ್ತದೆ. ಆ ಪೈಪಿನ ತುದಿ ಕಿಟಕಿಯಾಚೆ ಇರಲೇಬೇಕು. ಪೈಪ್ ಹಾಕದೆ ಕೋಣೆಯೊಳಗೇ ಓಡಿಸಿದರೆ ಮುಂದಿನಿಂದ ತಂಪು, ಹಿಂದಿನಿಂದ ಅದಕ್ಕಿಂತ ಹೆಚ್ಚು ಬಿಸಿ. ಬಾಗಿಲು ತೆರೆದಿಟ್ಟ ಫ್ರಿಜ್‌ನಿಂದ ಕೋಣೆ ತಣ್ಣಗಾಗಲೆಂದು ಕಾದಂತೆ.

ಈಗ ಪೆಟ್ಟಿಗೆಯ ಮೇಲಿನ ‘1 ಟನ್’ ಎಂಬ ಬರಹದ ವಿಚಾರ. ಒಂದು ಟನ್ ಎಂದರೆ ಗಂಟೆಗೆ 12,000 ಬಿಟಿಯು, ಸುಮಾರು ಮೂರೂವರೆ ಕಿಲೋವಾಟ್ ಬಿಸಿಯನ್ನು ತೆಗೆಯುವ ಶಕ್ತಿ. ಗೋಡೆಗೆ ಹಾಕುವ ಸ್ಪ್ಲಿಟ್ ಎಸಿಯಲ್ಲಿ ಬಿಸಿ ಕಾಯಿಲ್, ಅಂದರೆ ಕೋಣೆಯಿಂದ ತೆಗೆದ ಬಿಸಿಯನ್ನು ಬಿಟ್ಟುಕೊಡುವ ಕೊಳವೆಯ ಸುರುಳಿ, ಹೊರಗಡೆ ಕೂತು ಹೊರಗಿನ ಗಾಳಿಯಿಂದಲೇ ತಣ್ಣಗಾಗುತ್ತದೆ. ಒಂದೇ ಪೈಪಿನ ಪೋರ್ಟಬಲ್‌ನಲ್ಲಿ ಆ ಕಾಯಿಲ್ ನಿಮ್ಮ ಕೋಣೆಯೊಳಗಿದೆ. ಅದು ತಣ್ಣಗಾಗಲು ನಿಮ್ಮ ಕೋಣೆಯ ಗಾಳಿಯನ್ನೇ, ಅದೂ ಈಗಷ್ಟೇ ಕಾಸು ಕೊಟ್ಟು ತಂಪು ಮಾಡಿದ ಗಾಳಿಯನ್ನೇ ಎಳೆದುಕೊಂಡು, ಬಿಸಿ ಮಾಡಿ ಹೊರಗೆ ನೂಕುತ್ತದೆ. ಹೀಗೆ ಹೋಗುವ ಗಾಳಿ ಗಂಟೆಗೆ 350 ಘನ ಮೀಟರ್ ಎಂದು ಹಿಡಿಯೋಣ. 10×12 ಅಡಿಯ, 10 ಅಡಿ ಎತ್ತರದ ಕೋಣೆಯಲ್ಲಿರುವ ಗಾಳಿ 34 ಘನ ಮೀಟರ್. ಅಂದರೆ ಗಂಟೆಗೆ ಹತ್ತು ಸಲ ಕೋಣೆಯ ಅಷ್ಟೂ ಗಾಳಿ ಆಚೆ ಹೋಗುತ್ತದೆ. ಹೋದಷ್ಟು ಗಾಳಿ ಎಲ್ಲಿಂದಾದರೂ ಒಳಗೆ ಬರಲೇಬೇಕು: ಬಾಗಿಲ ಕೆಳಗಿನ ಸಂದಿ, ಕಿಟಕಿಯ ಚೌಕಟ್ಟು, ಬಚ್ಚಲಿನ ವೆಂಟಿಲೇಟರ್. ಹೊರಗೆ 37 ಡಿಗ್ರಿ, ಒಳಗೆ 27 ಡಿಗ್ರಿ ಇದ್ದರೆ ಹೀಗೆ ನುಗ್ಗುವ ಗಾಳಿಯೊಂದೇ ಸುಮಾರು 1.2 ಕಿಲೋವಾಟ್ ಬಿಸಿಯನ್ನು ಒಳಗೆ ತರುತ್ತದೆ. ಮೂರೂವರೆಯಲ್ಲಿ ಮೂರನೇ ಒಂದು ಪಾಲು ಅಲ್ಲಿಗೆ ಸೋರಿತು. ಕರಾವಳಿಯ ಸೆಕೆಯಾದರೆ ಆ ಗಾಳಿಯ ಜೊತೆ ಬರುವ ತೇವದ ಹೊರೆ ಬೇರೆ.

ಇಷ್ಟು ಸಾಲದೆಂಬಂತೆ ಆ ಪೈಪ್ ತಾನೇ ಒಂದು ಹೀಟರ್. ಯಂತ್ರ ಅರ್ಧ ಗಂಟೆ ಓಡಿದ ಮೇಲೆ ಮುಟ್ಟಿ ನೋಡಿದರೆ ಕೈ ಇಟ್ಟುಕೊಳ್ಳಲಾಗದಷ್ಟು ಬಿಸಿ. ಒಂದೂವರೆ ಮೀಟರ್ ಪೈಪಿನ ಮೈಯಿಂದ ಕೋಣೆಗೆ ಮರಳುವ ಬಿಸಿ ಸುಮಾರು 150 ವಾಟ್, ಹಳೆಯ ಕಾಲದ ಎರಡು ದೊಡ್ಡ ಬಲ್ಬುಗಳನ್ನು ಹಗಲಿಡೀ ಉರಿಸಿಟ್ಟಂತೆ.

ಅಮೆರಿಕದ ಇಂಧನ ಇಲಾಖೆ ಈ ಸೋರಿಕೆಯನ್ನೆಲ್ಲ ಲೆಕ್ಕಕ್ಕೆ ಹಿಡಿಯುವ ಪರೀಕ್ಷಾ ವಿಧಾನವನ್ನು 2016ರಲ್ಲೇ ತಂದಿತು. ಅಲ್ಲಿ ಹಳೆಯ ಲೆಕ್ಕದ 14,000 ಬಿಟಿಯು ಯಂತ್ರ ಹೊಸ ಲೆಕ್ಕದಲ್ಲಿ ಹತ್ತು ಸಾವಿರಕ್ಕೋ ಅದಕ್ಕೂ ಕೆಳಕ್ಕೋ ಇಳಿಯುವುದು ಸಾಮಾನ್ಯ. ನಮ್ಮಲ್ಲಿ ವಿಂಡೋ ಮತ್ತು ಸ್ಪ್ಲಿಟ್ ಎಸಿಗಳ ಮೇಲೆ ಬಿಇಇ (ಕೇಂದ್ರ ಸರ್ಕಾರದ ಇಂಧನ ದಕ್ಷತೆ ಸಂಸ್ಥೆ) ಸ್ಟಾರ್ ಲೇಬಲ್ ಕಡ್ಡಾಯ. ವರ್ಷಕ್ಕೆ 1,600 ಗಂಟೆ ಓಡಿಸಿದರೆ ಎಷ್ಟು ಯೂನಿಟ್ ಎಂಬುದು ಅದರ ಮೇಲೇ ಇರುತ್ತದೆ. ಪೋರ್ಟಬಲ್ ಪೆಟ್ಟಿಗೆಗಳ ಮೇಲೆ ಆ ಲೇಬಲ್ ಹುಡುಕಿದರೂ ಕಾಣುವುದು ಅಪರೂಪ. ಹಾಗಾಗಿ ಕೊಳ್ಳುವವರು ತಾವೇ ಲೆಕ್ಕ ಹಾಕಬೇಕು: ‘1 ಟನ್’ ಎಂದು ಬರೆದಿರುವ ಒಂದೇ ಪೈಪಿನ ಯಂತ್ರವನ್ನು ಮುಕ್ಕಾಲು ಟನ್‌ಗಿಂತ ಕಡಿಮೆಯ ಸ್ಪ್ಲಿಟ್ ಎಂದು ಎಣಿಸಿ. 100ರಿಂದ 120 ಚದರಡಿಯ, ಮೇಲೆ ಇನ್ನೊಂದು ಮಹಡಿ ಇರುವ, ಪಡುವಣ ಬಿಸಿಲು ಬೀಳದ ಮಲಗುವ ಕೋಣೆಗೆ ಅದು ಸಾಕಾಗುತ್ತದೆ. ತಾರಸಿಯ ಕೆಳಗಿನ ಕೋಣೆಗೋ, ಅಡುಗೆಮನೆಗೆ ತೆರೆದುಕೊಂಡ ಹಾಲ್‌ಗೋ ಇಟ್ಟರೆ ಮಧ್ಯಾಹ್ನ ಮೂರು ಗಂಟೆಗೆ ಯಂತ್ರದ ಎದುರು ಕೂತವರಿಗೆ ಮಾತ್ರ ತಂಪು. ಎರಡು ಪೈಪಿನ ಮಾದರಿಯಲ್ಲಿ ಒಂದು ಪೈಪ್ ಹೊರಗಿನ ಗಾಳಿಯನ್ನು ಎಳೆದುಕೊಳ್ಳುವುದರಿಂದ ಈ ಸೋರಿಕೆ ಬಹುಪಾಲು ತಪ್ಪುತ್ತದೆ. ನಮ್ಮ ಅಂಗಡಿಗಳಲ್ಲಿ ಅದು ಸಿಗುವುದು ಕಡಿಮೆ. ಸಿಕ್ಕರೆ ನಾಲ್ಕು ಕಾಸು ಹೆಚ್ಚಾದರೂ ಅದನ್ನೇ ತನ್ನಿ.

ಕೊಂಡವರಲ್ಲಿ ಹೆಚ್ಚಿನವರು ಸೋಲುವುದು ಕಿಟಕಿಯಲ್ಲಿ. ಯಂತ್ರದ ಜೊತೆ ಬರುವ ಪ್ಲಾಸ್ಟಿಕ್ ಪಟ್ಟಿ ಸರಿಸುವ ಕಿಟಕಿಗೆಂದು ಮಾಡಿದ್ದು. ಅಪಾರ್ಟ್‌ಮೆಂಟ್‌ಗಳ ಯುಪಿವಿಸಿ ಅಥವಾ ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿಯಾದರೆ ಪಟ್ಟಿಯನ್ನು ನಿಲ್ಲಿಸಿ ಬಾಗಿಲನ್ನು ಅದಕ್ಕೆ ಒತ್ತಿದರೆ ಮುಗಿಯಿತು. ನಮ್ಮ ಬಹುಪಾಲು ಬಾಡಿಗೆ ಮನೆಗಳಲ್ಲಿರುವುದು ಹೊರಕ್ಕೆ ತೆರೆಯುವ ಮರದ ಕಿಟಕಿ, ಅದಕ್ಕೆ ಕಬ್ಬಿಣದ ಸರಳು, ಮೇಲೊಂದು ಸೊಳ್ಳೆ ಪರದೆ. ಆ ಪಟ್ಟಿ ಇಲ್ಲಿ ನಿಲ್ಲುವುದಿಲ್ಲ. ಜನ ಒಂದು ಬಾಗಿಲು ತೆರೆದು, ಪೈಪನ್ನು ಸರಳಿಗೆ ಒರಗಿಸಿ, ಸುತ್ತ ಹಳೆಯ ಬೆಡ್‌ಶೀಟ್ ತುರುಕುತ್ತಾರೆ. ಹೊರಗೆ ಹೋದ ಬಿಸಿಗಾಳಿ ಅದೇ ಸಂದಿಯಿಂದ ಒಳಗೆ ಬರುತ್ತದೆ.

ಮಾಡಬೇಕಾದ್ದು ಹೀಗೆ. ತೆರೆದಿಡುವ ಒಂದು ಬಾಗಿಲಿನ ಚೌಕಟ್ಟಿನ ಒಳ ಅಳತೆಯನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ತೆಗೆದುಕೊಳ್ಳಿ. ಹಳೆಯ ಮರದ ಚೌಕಟ್ಟು ಮೂರು ಕಡೆಯೂ ಒಂದೇ ಅಳತೆ ಇರುವುದಿಲ್ಲ. ಅವುಗಳಲ್ಲಿ ಚಿಕ್ಕ ಅಳತೆಗೆ 4 ಮಿ.ಮೀ. ಅಕ್ರಿಲಿಕ್ ಅಥವಾ ಪಾಲಿಕಾರ್ಬೊನೇಟ್ ಹಾಳೆಯನ್ನು ಗಾಜಿನ ಅಂಗಡಿಯಲ್ಲೇ ಕತ್ತರಿಸಿಕೊಳ್ಳಿ. ಬೆಳಕು ಬೇಡವಾದರೆ 6 ಮಿ.ಮೀ. ವಾಟರ್‌ಪ್ರೂಫ್ ಪ್ಲೈವುಡ್ ಸಾಕು. ಪೈಪಿನ ತುದಿಯ ನಾಜಲ್ ದುಂಡಗಿದೆಯೋ ಚಪ್ಪಟೆಯೋ ನೋಡಿ, ಅದನ್ನೇ ಹಾಳೆಯ ಮೇಲಿಟ್ಟು ಗುರುತು ಹಾಕಿ ತೂತು ಕೊರೆಸಿ. ತೂತು ಯಂತ್ರದ ಹಿಂಬದಿಯ ಬಾಯಿಗಿಂತ ಸ್ವಲ್ಪ ಮೇಲಿರಲಿ. ಪೈಪ್ ಆದಷ್ಟು ಗಿಡ್ಡವಾಗಿ, ನೇರವಾಗಿ, ನಿಧಾನಕ್ಕೆ ಏರುವಂತಿರಬೇಕು. ಹಾಳೆಯ ಸುತ್ತ ಫೋಮ್ ಟೇಪ್ ಅಂಟಿಸಿ. ಅಂಚಿನಲ್ಲಿ ನಾಲ್ಕೈದು ಸಣ್ಣ ತೂತು ಮಾಡಿ ಕೇಬಲ್ ಟೈಗಳಿಂದ ಸರಳಿಗೇ ಬಿಗಿಯಿರಿ. ಓನರ್ ಮರಕ್ಕೆ ಒಂದು ಸ್ಕ್ರೂ ಕೂಡ ತಾಕುವುದಿಲ್ಲ, ಮನೆ ಬಿಡುವ ದಿನ ಕತ್ತರಿಯಲ್ಲಿ ಟೈ ಕತ್ತರಿಸಿದರಾಯಿತು. ನಾಜಲ್‌ನ ಎದುರಿಗೆ ಸೊಳ್ಳೆ ಪರದೆ ಬರಲೇಬಾರದು. ಪರದೆಗೆ ದೂಳು ಹಿಡಿದು ಗಾಳಿ ಕಟ್ಟುತ್ತದೆ, ಕಾಯಿಲ್ ಕಾದು ಕಂಪ್ರೆಸರ್ ಪದೇ ಪದೇ ಟ್ರಿಪ್ ಆಗುತ್ತದೆ. ತೆರೆದಿಟ್ಟ ಹೊರಬಾಗಿಲಿಗೆ ಕೊಕ್ಕೆ ಹಾಕಿ. ಮಾವಿನ ಮಳೆಯ ಗಾಳಿಗೆ ಅದು ಬಡಿದರೆ ಪೈಪೂ ಉಳಿಯುವುದಿಲ್ಲ, ಗಾಜೂ ಉಳಿಯುವುದಿಲ್ಲ.

ಪೈಪ್ ಸಾಲದೆಂದು ಇನ್ನೊಂದನ್ನು ಜೋಡಿಸಬೇಡಿ. ಕಂಪನಿ ಕೊಟ್ಟ ಉದ್ದಕ್ಕಿಂತ ಹೆಚ್ಚಾದರೆ ಫ್ಯಾನ್‌ಗೆ ಬಿಸಿಗಾಳಿಯನ್ನು ನೂಕುವ ಶಕ್ತಿ ಇರುವುದಿಲ್ಲ. ಬದಲಿಗೆ ಪೈಪಿನ ಮೇಲೆ ಬೆಳ್ಳಿ ಬಣ್ಣದ ಬಬಲ್ ಶೀಟ್ ಸುತ್ತಿ ಟೇಪ್ ಹಾಕಿ. ಅದಕ್ಕೆ ತಗಲುವ ಖರ್ಚು ಸಣ್ಣದು, ವ್ಯತ್ಯಾಸ ಅದೇ ದಿನ ಗೊತ್ತಾಗುತ್ತದೆ. ಆಮೇಲೆ ಒಂದು ಟಿಶ್ಯೂ ಕಾಗದದ ಪಟ್ಟಿ ಹಿಡಿದು ಕಿಟಕಿ, ಬಾಗಿಲುಗಳ ಸಂದಿಯ ಬಳಿ ನಡೆಯಿರಿ. ಎಲ್ಲಿ ಅದು ಒಳಕ್ಕೆ ಬಾಗುತ್ತದೋ ಅಲ್ಲಿಂದ ಗಾಳಿ ಬರುತ್ತಿದೆ. ಎಲ್ಲವನ್ನೂ ಮುಚ್ಚಲು ಹೋಗಬೇಡಿ, ಆಗದ ಕೆಲಸ ಅದು. ಬಿಸಿಲು ಕಡೆಯ ಸಂದಿ ಮುಚ್ಚಿ, ನೆರಳಿನ ಹಾಲ್ ಕಡೆಯ ಬಾಗಿಲ ಕೆಳಗೆ ಗಾಳಿಗೆ ದಾರಿ ಬಿಡಿ. ಬಚ್ಚಲಿನ ಬಾಗಿಲು ಹಾಕಿಡಿ, ಅದರ ನೆಲದ ಜಾಲರಿಗೆ ದಿನಕ್ಕೊಂದು ಚೊಂಬು ನೀರು ಹಾಕಿ. ಜಾಲರಿಯ ಕೆಳಗೆ ನೀರು ನಿಂತು ವಾಸನೆ ತಡೆಯುವ ಟ್ರ್ಯಾಪ್ ಒಣಗಿದ್ದರೆ ಚರಂಡಿ ವಾಸನೆಯನ್ನೂ ಈ ಯಂತ್ರ ಎಳೆದು ತರುತ್ತದೆ.

ಇಲ್ಲೇ ಪ್ರಾಣಕ್ಕೆ ಸಂಬಂಧಿಸಿದ ಒಂದು ಮಾತು ಇದೆ, ದಯವಿಟ್ಟು ಇದನ್ನು ಮಾತ್ರ ಬಿಡದೆ ಅಚ್ಚು ಮಾಡಿ. ಕೋಣೆಗೆ ಅಂಟಿಕೊಂಡ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇದ್ದರೆ, ಅದು ಉರಿಯುವಾಗ ಒಂದೇ ಪೈಪಿನ ಪೋರ್ಟಬಲ್ ಎಸಿ ಓಡಲೇಬಾರದು. ಯಂತ್ರ ಮನೆಯ ಗಾಳಿಯನ್ನು ಹೊರಗೆ ನೂಕುತ್ತಾ ಒಳಗಿನ ಒತ್ತಡ ಇಳಿಸುತ್ತದೆ; ವೆಂಟಿಲೇಟರ್‌ನಿಂದ ಆಚೆ ಹೋಗಬೇಕಾದ ಗೀಸರ್ ಹೊಗೆ ತಿರುಗಿ ಒಳಗೆ ಬರುತ್ತದೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳುವುದಿಲ್ಲ.

ಕರೆಂಟಿನ ವಿಷಯಕ್ಕೆ ಬರೋಣ. ಯಂತ್ರ ಎಳೆಯುವುದು ಸುಮಾರು 1,100ರಿಂದ 1,400 ವಾಟ್. ಮೊಬೈಲ್ ಚಾರ್ಜ್ ಮಾಡುವ 6 ಆಂಪಿಯರ್ ಸಾಕೆಟ್‌ಗೋ, ಎಕ್ಸ್‌ಟೆನ್ಷನ್ ಬಾಕ್ಸ್‌ಗೋ ಹಾಕಿದರೆ ಮೊದಲ ವಾರದಲ್ಲೇ ಪ್ಲಗ್ ಕಪ್ಪಾಗುತ್ತದೆ. 16 ಆಂಪಿಯರ್ ಪಾಯಿಂಟ್ ಬೇಕು. ಅದಕ್ಕೆ ಮೀಟರ್ ಬೋರ್ಡ್‌ನಿಂದ ಕನಿಷ್ಠ 2.5 ಚದರ ಮಿ.ಮೀ. ತಾಮ್ರದ ವೈರು, 4 ಇದ್ದರೆ ಇನ್ನೂ ಒಳ್ಳೆಯದು, ಬೇರೆ ಎಂಸಿಬಿ, ಸರಿಯಾದ ಅರ್ಥಿಂಗ್ ಇರಬೇಕು. ಅಡುಗೆಮನೆಯ ಮಿಕ್ಸಿ ಪಾಯಿಂಟ್ ದಪ್ಪ ಪಿನ್ನಿನದ್ದಾದ ಮಾತ್ರಕ್ಕೆ ಒಳಗಿನ ವೈರ್ ದಪ್ಪ ಎಂದಲ್ಲ. ಹಳೆಯ ಮನೆಗಳಲ್ಲಿ ಬಿಚ್ಚಿ ನೋಡಿದರೆ 1.5 ಇರುತ್ತದೆ. ಒಂದು ಗಂಟೆ ಓಡಿಸಿ ಪ್ಲಗ್ ಮುಟ್ಟಿ. ಬೆಚ್ಚಗಿದ್ದರೆ ಸರಿ, ಸುಡುತ್ತಿದ್ದರೆ ತಕ್ಷಣ ನಿಲ್ಲಿಸಿ ಎಲೆಕ್ಟ್ರಿಷಿಯನ್ ಕರೆಸಿ. ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟೆಂದೂ ನೋಡಿಕೊಳ್ಳಿ. ಒಂದು ಕಿಲೋವಾಟ್ ಮಂಜೂರಾದ ಮನೆಯಲ್ಲಿ ಈ ಯಂತ್ರ ಒಂದೇ ಅದನ್ನು ದಾಟುತ್ತದೆ. ಸಾಮಾನ್ಯ ಯುಪಿಎಸ್ ಮೇಲೆ ಇದು ಓಡುವುದಿಲ್ಲ.

ಬಿಲ್ ಲೆಕ್ಕ ಹೀಗಿದೆ. ಒಂದೇ ಪೈಪಿನ ಯಂತ್ರ ಸುಡುಬಿಸಿಲಲ್ಲಿ ನೀವಿಟ್ಟ ಡಿಗ್ರಿಯನ್ನು ಮುಟ್ಟುವುದೇ ಕಷ್ಟ, ಹಾಗಾಗಿ ಕಂಪ್ರೆಸರ್ ನಿಲ್ಲುವುದಿಲ್ಲ. ದಿನಕ್ಕೆ 8 ಗಂಟೆ ಎಂದರೆ 9ರಿಂದ 10 ಯೂನಿಟ್, ತಿಂಗಳಿಗೆ ಸುಮಾರು 280. ತೆರಿಗೆ, ಸರ್‌ಚಾರ್ಜ್ ಸೇರಿ ಯೂನಿಟ್‌ಗೆ 7 ರೂಪಾಯಿ ಹಿಡಿದರೆ ಇದೊಂದರದ್ದೇ ಎರಡು ಸಾವಿರ ರೂಪಾಯಿ. ಅದೇ ಕೋಣೆಗೆ ಒಳ್ಳೆಯ ಇನ್ವರ್ಟರ್ ಸ್ಪ್ಲಿಟ್ ಅದರ ಅರ್ಧದಲ್ಲಿ ಮುಗಿಸುತ್ತದೆ. ಗೃಹಜ್ಯೋತಿ ಫಲಾನುಭವಿಗಳಿಗೆ ಏಟು ಇನ್ನೂ ದೊಡ್ಡದು. ನಿಗದಿಯಾದ ಸರಾಸರಿಯನ್ನು ದಾಟಿ 200 ಯೂನಿಟ್ ಒಳಗೇ ಇದ್ದರೆ ಹೆಚ್ಚುವರಿ ಯೂನಿಟ್‌ಗಳಿಗೆ ಮಾತ್ರ ಹಣ ಕಟ್ಟಬೇಕು. 200 ದಾಟಿದ ತಿಂಗಳು ಇಡೀ ಬಿಲ್ ಕಟ್ಟಬೇಕು. ಮನೆಯ ಉಳಿದ ಬಳಕೆ 100 ಯೂನಿಟ್ ಇದ್ದವರು ಈ ಯಂತ್ರವನ್ನು ದಿನಕ್ಕೆ ಎರಡೂವರೆ ಗಂಟೆಗಿಂತ ಹೆಚ್ಚು ಓಡಿಸಿದರೆ ಗಡಿಯ ಹತ್ತಿರ ಬಂದರೆಂದೇ ತಿಳಿಯಬೇಕು. ಮಲಗುವ ಮುಂಚೆ ಎರಡು ಗಂಟೆ ಎಸಿ, ಆಮೇಲೆ ಫ್ಯಾನ್ ಎಂದು ಮಾಡಿಕೊಂಡರೆ ಸರಿದೂಗುತ್ತದೆ. 26 ಡಿಗ್ರಿಗೆ ಇಟ್ಟು ಮೇಲಿನ ಫ್ಯಾನನ್ನು ಸಣ್ಣಗೆ ತಿರುಗಿಸಿ. 18ಕ್ಕೆ ಇಟ್ಟರೆ ಬೇಗ ತಂಪಾಗುತ್ತದೆ ಎಂಬುದು ಸುಳ್ಳು.

ನೀರು. ಬೆಂಗಳೂರು, ಮೈಸೂರಿನ ಬೇಸಿಗೆಯ ಒಣಹವೆಯಲ್ಲಿ ಯಂತ್ರ ತನ್ನೊಳಗೆ ಕೂಡಿದ ನೀರನ್ನು ಬಿಸಿ ಕಾಯಿಲ್ ಮೇಲೆ ಎರಚಿಕೊಂಡು ಆವಿ ಮಾಡಿ ಪೈಪಿನಿಂದಲೇ ಆಚೆ ಕಳಿಸುತ್ತದೆ, ಚೆಲ್ಲುವ ಗೊಡವೆ ಇಲ್ಲ. ಮಂಗಳೂರು, ಉಡುಪಿ, ಕಾರವಾರದಲ್ಲಿ ಹಾಗಾಗದು. ಗಂಟೆಗೆ ಒಂದು ಲೀಟರ್‌ನಷ್ಟು ನೀರು ಕೂಡುವುದುಂಟು. ನಡುರಾತ್ರಿ ಟ್ಯಾಂಕ್ ತುಂಬಿ ಕೆಂಪು ದೀಪ ಹತ್ತಿ ಯಂತ್ರ ನಿಲ್ಲುತ್ತದೆ. ಡ್ರೈನ್ ಬಿರಡೆ ಇರುವುದು ನೆಲದಿಂದ ಒಂದೆರಡು ಇಂಚು ಮೇಲೆ, ಅದರ ಕೆಳಗೆ ಬಕೆಟ್ ಹಿಡಿಸುವುದಿಲ್ಲ. ಅರ್ಧ ಅಡಿ ಎತ್ತರದ ಗಟ್ಟಿ ಮರದ ಮಣೆಯ ಮೇಲೆ ಯಂತ್ರ ಕೂರಿಸಿ, ಚಕ್ರ ಜಾರದಂತೆ ತಡೆ ಇಟ್ಟು, ಬಿರಡೆ ತೆಗೆದು ಸಣ್ಣ ಪೈಪನ್ನು ಇಳಿಜಾರಾಗಿ ಬಾಲ್ಕನಿಗೋ ಬಚ್ಚಲಿಗೋ ಬಿಡಿ. ಪೈಪ್ ಎಲ್ಲೂ ಮೇಲೇಳಬಾರದು.

ಸದ್ದಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕಂಪ್ರೆಸರ್ ತಲೆದಿಂಬಿನಿಂದ ಆರಡಿ ದೂರದಲ್ಲಿರುತ್ತದೆ. 50ರಿಂದ 56 ಡೆಸಿಬಲ್. ಹಗುರ ನಿದ್ದೆಯವರಿಗೂ ಎಳೆಯ ಮಗುವಿಗೂ ಇದು ಒಗ್ಗದು.

ಇಷ್ಟೆಲ್ಲ ಕೊರತೆ ಇದ್ದರೂ ಈ ಯಂತ್ರಕ್ಕೆ ಜಾಗವೇ ಇಲ್ಲ ಎನ್ನಲಾಗದು. ಹನ್ನೊಂದು ತಿಂಗಳ ಅಗ್ರಿಮೆಂಟ್ ಮುಗಿದೊಡನೆ ಮನೆ ಬದಲಿಸುವವರು ಸ್ಪ್ಲಿಟ್ ಇಟ್ಟುಕೊಂಡರೆ ಪ್ರತಿ ಸಲ ಬಿಚ್ಚುವ ಕೂಲಿ, ಕೂರಿಸುವ ಕೂಲಿ, ಸಾಲದ ತಾಮ್ರದ ಪೈಪ್, ಬಿಚ್ಚುವಾಗ ಪಂಪ್‌ಡೌನ್ (ಗ್ಯಾಸನ್ನು ಹೊರಗಿನ ಯೂನಿಟ್‌ನೊಳಗೆ ಕೂಡಿಡುವುದು) ಸರಿಯಾಗಿ ಮಾಡದಿದ್ದರೆ ಹೊಸ ಗ್ಯಾಸ್, ಎಲ್ಲವೂ ಸೇರಿ ಮೂರರಿಂದ ಆರು ಸಾವಿರ ರೂಪಾಯಿ ಹೋಗುತ್ತದೆ. ಪೋರ್ಟಬಲ್‌ನ ಗ್ಯಾಸ್ ಕಾರ್ಖಾನೆಯಲ್ಲೇ ಬೆಸುಗೆ ಹಾಕಿ ಮುಚ್ಚಿದ್ದು, ಮನೆ ಬದಲಿಸಿದರೆ ಅದಕ್ಕೇನೂ ಆಗುವುದಿಲ್ಲ. ಹಗಲು ಕೆಲಸದ ಕೋಣೆಗೆ, ರಾತ್ರಿ ಮಲಗುವ ಕೋಣೆಗೆ ಉರುಳಿಸಿಕೊಂಡು ಹೋಗಬಹುದು. ಹೊರಗೋಡೆಗೆ ಯೂನಿಟ್ ತೂಗುಹಾಕಲು ಸಂಘ ಬಿಡದ ಅಪಾರ್ಟ್‌ಮೆಂಟ್‌ನಲ್ಲಿ, ಗಾಜಿನ ಮುಖದ ಬಾಡಿಗೆ ಕ್ಲಿನಿಕ್‌ನಲ್ಲಿ, ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರಿದ್ದು ಈ ಬೇಸಿಗೆ ದಾಟಿದರೆ ಸಾಕೆನ್ನುವ ಹೊತ್ತಿನಲ್ಲಿ ಇದೇ ಸರಿ. ಮನೆ ಸಾಗಿಸುವಾಗ ಗೂಡ್ಸ್ ಆಟೊದಲ್ಲಿ ನಿಲ್ಲಿಸಿಯೇ ಒಯ್ಯಿರಿ. ಮಲಗಿಸಿದರೆ ಕಂಪ್ರೆಸರ್‌ನ ಎಣ್ಣೆ ಪೈಪಿನೊಳಗೆ ಹರಿಯುತ್ತದೆ. ಹಾಗೇನಾದರೂ ಆಗಿದ್ದರೆ ನಿಲ್ಲಿಸಿಟ್ಟು ಒಂದು ದಿನ ಕಳೆದ ಮೇಲೆ ಆನ್ ಮಾಡಿ. ಆಫ್ ಮಾಡಿದ ಮೇಲೆ ಮತ್ತೆ ಹಾಕಲು ಮೂರು ನಿಮಿಷ ಬಿಡಿ. ಹದಿನೈದು ದಿನಕ್ಕೊಮ್ಮೆ ಫಿಲ್ಟರ್ ತೊಳೆದು ನೆರಳಲ್ಲಿ ಒಣಗಿಸಿ.

ಕೊಳ್ಳುವ ಮುಂಚೆ ನಿಮ್ಮ ಊರನ್ನೂ ನೋಡಿ. ಕಲಬುರಗಿ, ರಾಯಚೂರಿನ 42 ಡಿಗ್ರಿಯ ಒಣ ಮಧ್ಯಾಹ್ನದಲ್ಲಿ ಹುಲ್ಲಿನ ಅಥವಾ ಹನಿಕೂಂಬ್ ಪ್ಯಾಡಿನ ಎಂಟು ಹತ್ತು ಸಾವಿರದ ಕೂಲರ್ ಕಿಟಕಿಯಲ್ಲಿಟ್ಟರೆ 28ರಿಂದ 30 ಡಿಗ್ರಿ ಗಾಳಿ ಕೊಡುತ್ತದೆ, 200 ವಾಟ್‌ನೊಳಗೆ. ಅಲ್ಲಿ ಪೋರ್ಟಬಲ್ ಎಸಿಗಿಂತ ಅದೇ ಮೇಲು. ಅದೇ ಕೂಲರ್ ಮಂಗಳೂರಿನ 34 ಡಿಗ್ರಿಯ ತೇವದಲ್ಲಿ ನಾಲ್ಕು ಡಿಗ್ರಿ ಇಳಿಸಿ ಮೈಯೆಲ್ಲ ಅಂಟು ಮಾಡುತ್ತದೆ; ಅಲ್ಲಿ ಎಸಿಯೇ ಬೇಕು, ಸಾಧ್ಯವಿದ್ದರೆ ಸ್ಪ್ಲಿಟ್. ಬೆಂಗಳೂರಿನಲ್ಲಿ ನಿಜವಾದ ಕಷ್ಟ ಮಾರ್ಚ್ ನಡುವಿನಿಂದ ಮೇ ತಿಂಗಳವರೆಗಿನ ಎಂಟು ಹತ್ತು ವಾರ. ರಾತ್ರಿ ಒಂಬತ್ತರ ಮೇಲೆ ಹೊರಗಿನ ಗಾಳಿ ಒಳಗಿನದಕ್ಕಿಂತ ತಂಪು. ಒಂದು ಕಿಟಕಿಯಲ್ಲಿ 12 ಇಂಚಿನ ಎಕ್ಸಾಸ್ಟ್ ಫ್ಯಾನ್ ಹೊರಮುಖವಾಗಿಟ್ಟು, ಎದುರು ಕಿಟಕಿ ತೆರೆದರೆ ಗೋಡೆಯೊಳಗೆ ಕೂತ ಹಗಲಿನ ಬಿಸಿ ಬೆಳಗಿನ ಹೊತ್ತಿಗೆ ಇಳಿಯುತ್ತದೆ. ಮೇಲ್ಮಹಡಿಯವರು ತಾರಸಿಗೆ ಬಿಳಿ ಕೂಲ್‌ರೂಫ್ ಬಣ್ಣ ಎರಡು ಕೋಟ್ ಹೊಡೆಸಲು ಓನರ್ ಜೊತೆ ಅರ್ಧ ಖರ್ಚಿಗೆ ಮಾತಾಡಿ. ಇವೆರಡನ್ನೂ ಮಾಡಿ ನೋಡಿ, ಆಮೇಲೆ ಅಂಗಡಿಗೆ ಹೋಗಿ.

ಕೊನೆಗೆ ಎರಡು ಬೇಡಿಕೆ. ಒಂದು, ಬಿಇಇಗೆ: ಪೋರ್ಟಬಲ್ ಎಸಿಗಳನ್ನೂ ಕಡ್ಡಾಯ ಲೇಬಲ್ ಅಡಿ ತರಲಿ. ಒಳನುಗ್ಗುವ ಗಾಳಿಯನ್ನೂ ಪೈಪಿನ ಬಿಸಿಯನ್ನೂ ಕಳೆದು ಉಳಿಯುವ ನಿಜವಾದ ತಂಪಿನ ಅಂಕಿಯನ್ನೇ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚು ಹಾಕಿಸಲಿ. ಎರಡು, ಬಾಡಿಗೆಗೆಂದೇ ಮನೆ ಕಟ್ಟಿಸುವ ಮಾಲೀಕರಿಗೆ: ಪ್ಲಾಸ್ಟರಿಂಗ್ ಮುಂಚೆಯೇ ಪ್ರತಿ ಮಲಗುವ ಕೋಣೆಯ ಹೊರಗೋಡೆಯಲ್ಲಿ ಏಳಡಿ ಎತ್ತರಕ್ಕೆ, ಹೊರಗಡೆ ಸ್ವಲ್ಪ ಇಳಿಜಾರಾಗಿ, ಮೂರಿಂಚಿನ ಪಿವಿಸಿ ಪೈಪಿನ ತುಂಡೊಂದನ್ನು ಹೂತು ಎರಡೂ ಕಡೆ ಮುಚ್ಚಳ ಹಾಕಿಸಿ. ಪಕ್ಕದಲ್ಲೇ 4 ಚದರ ಮಿ.ಮೀ. ವೈರಿನ 16 ಆಂಪಿಯರ್ ಪಾಯಿಂಟ್ ಕೊಡಿಸಿ. ಕಟ್ಟುವಾಗ ಇದಕ್ಕೆ ಕೋಣೆಯೊಂದಕ್ಕೆ ಒಂದೆರಡು ಸಾವಿರ ರೂಪಾಯಿಗಿಂತ ಹೆಚ್ಚು ತಗಲದು, ಆಮೇಲೆ ಯಾವ ಬಾಡಿಗೆದಾರನೂ ನಿಮ್ಮ ಗೋಡೆ ಕೊರೆಯುವುದಿಲ್ಲ. ಈಗಾಗಲೇ ಕಟ್ಟಿದ ಮನೆಯಾದರೆ, ಕೋರ್ ಕಟಿಂಗ್ ಯಂತ್ರದಲ್ಲಿ ಒಂದೇ ತೂತು, ಬಿಡುವಾಗ ಮುಚ್ಚಿ ಬಣ್ಣ ಹಚ್ಚುವುದು ಬಾಡಿಗೆದಾರನ ಹೊಣೆ ಎಂದು ಅಗ್ರಿಮೆಂಟ್‌ನಲ್ಲೇ ಒಂದು ಸಾಲು ಬರೆಸಿಕೊಂಡು ಅನುಮತಿ ಕೊಡಿ.

ಇಂತಿ,
ಎಸಿ ಮತ್ತು ಫ್ರಿಜ್ ಮೆಕ್ಯಾನಿಕ್,
ಬೆಂಗಳೂರು